ಉಡಿಯ ಕಾಳು

ಕಾಗದದಲ್ಲಿ ಹನ್ನೊಂದು ಸಾಲುಗಳಿದ್ದವು. ಸ್ವರೂಪಾ ಅವನ್ನು ಮೂರು ಸಲ ಓದಿದಳು. ಒಂಬತ್ತನೆಯ ಸಾಲು ಸುಳ್ಳು.

ಆ ಸಾಲು ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡಳು: ಈ ವಿಧಾನದ ಕಲ್ಪನೆಯಲ್ಲಾಗಲಿ, ಇದಕ್ಕೆ ಬೇಕಾದ ಮಾಹಿತಿಯ ತಯಾರಿಕೆಯಲ್ಲಾಗಲಿ ವಿಶ್ವವಿದ್ಯಾಲಯದ ಹೊರಗಿನ ಯಾವ ವ್ಯಕ್ತಿಯ ಪಾಲೂ ಇಲ್ಲವೆಂದು ಪ್ರಮಾಣೀಕರಿಸುತ್ತೇನೆ. ಕನ್ನಡದಲ್ಲಿ ಸುಳ್ಳು ಇನ್ನಷ್ಟು ಬತ್ತಲಾಗಿ ಕಂಡಿತು.

ಕಾಗದ ತಂದವನು ದತ್ತು. ಅವಳ ಸಂಶೋಧನೆಯ ಮಾರ್ಗದರ್ಶಕರಾದ ಪ್ರೊಫೆಸರ್ ಕಾಶಿರಾಮ ಪಟೇಲರ ಅಕ್ಕನ ಮಗ. ಹೈದರಾಬಾದಿನಲ್ಲಿ ಅವರ ಕೈಕೆಳಗೇ ಪಿಎಚ್.ಡಿ. ಮಾಡುತ್ತಿದ್ದವನು. ಕರ್ನಾಟಕದ ಗಡಿಗೆ ಹತ್ತಿದ ನಾರಾಯಣಖೇಡಿನ ಅಂಚಿನ ಕಾಲನಿಗೆ ಮೋಟಾರ್‌ಸೈಕಲ್ಲಿನಲ್ಲಿ ಬಂದಿದ್ದ. ಅದು ಎರಡು ಸಾವಿರದ ಹನ್ನೊಂದನೆಯ ಇಸವಿಯ ಸೆಪ್ಟೆಂಬರ್ ಕೊನೆ. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಆರಂಭವಾಗಿ ಎರಡು ವಾರವಾಗಿತ್ತು. ಬಸ್ಸುಗಳು ನಿಂತಿದ್ದವು. ಕಚೇರಿಗಳಿಗೆ ಬೀಗ ಬಿದ್ದಿತ್ತು. ವಿಶ್ವವಿದ್ಯಾಲಯ ಮುಚ್ಚಿತ್ತು. ಸ್ವರೂಪಾ ಹಾಸ್ಟೆಲು ಬಿಟ್ಟು ತಾಯಿಯ ಮನೆಗೆ ಬಂದಿದ್ದಳು.

ದತ್ತು ಗಾಡಿಯಿಂದ ಇಳಿಯಲಿಲ್ಲ. ಸ್ವರೂಪಾಳ ತಾಯಿ ಅಂಜಮ್ಮ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು.

"ಬರ್ರಿ ಸಣ್ಣ ಪಟೇಲ್ರ, ಒಂದು ತಂಬಿಗಿ ನೀರು ಕುಡೀರಿ."

"ಬ್ಯಾಡಬೇ, ಗಾಡ್ಯಾಗ ಪೆಟ್ರೋಲ್ ಕಮ್ಮಿ ಅದ."

ನೀರಿಗೂ ಪೆಟ್ರೋಲಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ.

"ನಾಡದ್ದು ಮಾವ ಖೇಡಿಗೆ ಬರ್ತಾರ," ಎಂದು ದತ್ತು ಸ್ವರೂಪಾಳಿಗೆ ಹೇಳಿದ. "ರಸ್ತಾ ಮ್ಯಾಲ ಅಡಗಿ ಅದಲ್ಲ, ಅಲ್ಲೇ ದಸ್ಕತ್ ಮಾಡಿ ಕೊಡು ಅಂದಾರ. ಕಂಪನಿಯವರು ಗಡಿಬಿಡಿ ಹಚ್ಯಾರ."

"ನನ್ನ ಫೆಲೋಶಿಪ್ ಮುಂದುವರಿಸೋ ಕಾಗದ?"

"ಅದೂ ಮಾವನ ಬ್ಯಾಗಿನಾಗೇ ಅದ. ಇದು ಒಳಗ ಬಂದ್ರ ಅದು ಹೊರಗ ಹೋಗ್ತದ." ಅವನು ನಕ್ಕ. "ಅಷ್ಟೇ ನೋಡು, ದೊಡ್ಡ ಮಾತೇನಿಲ್ಲ."

ಗಾಡಿ ಹೋಯಿತು. ಅಂಜಮ್ಮನ ಕೈಯಲ್ಲಿ ತಂಬಿಗೆ ಹಾಗೇ ಇತ್ತು.

ಆ ಫೆಲೋಶಿಪ್ಪಿನ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗುತ್ತಿರಲಿಲ್ಲ. ಗಣಕ ವಿಜ್ಞಾನದಲ್ಲಿ ಅತಿ ಕಡಿಮೆ ಪ್ರಾತಿನಿಧ್ಯವಿರುವ ಸಮುದಾಯಗಳ ವಿದ್ಯಾರ್ಥಿಗಳಿಗೆ ಒಂದು ಪ್ರತಿಷ್ಠಾನ ಕೊಡುತ್ತಿದ್ದ ಪಿಎಚ್.ಡಿ. ವೇತನ. ಒಟ್ಟು ನಾಲ್ಕು ವರ್ಷ. ಪ್ರತಿವರ್ಷವೂ ಮಾರ್ಗದರ್ಶಕರು ಸಹಿ ಹಾಕಿದರೆ ಮಾತ್ರ ಮುಂದಿನ ವರ್ಷ. ಸಂದರ್ಶನಕ್ಕೆ ಸ್ವರೂಪಾ ನಲವತ್ತು ಪುಟದ ಯೋಜನೆ ಬರೆದುಕೊಂಡು ಹೋಗಿದ್ದಳು. ಅವಳಿಗಿಂತ ಮೊದಲು ಒಳಗೆ ಹೋದವನಿಗೆ, ಸಾಮಾನ್ಯ ವೇತನದವನಿಗೆ, ಗಣಿತ ಕೇಳಿದ್ದರು. ಅವಳಿಗೆ ಕೇಳಿದ್ದು: "ಮೊದಲ ಸಲ ಕಂಪ್ಯೂಟರ್ ನೋಡಿದ್ದು ಯಾವಾಗಮ್ಮ?" ಜಹೀರಾಬಾದಿನ ಹಾಸ್ಟೆಲಿನಲ್ಲಿ, ಇಂಟರ್‌ಮೀಡಿಯೆಟ್ ಮೊದಲ ವರ್ಷದಲ್ಲಿ, ಅದರ ಪರದೆ ಒಡೆದಿತ್ತು ಎಂದು ಅವಳು ಹೇಳಿದಳು. ಸಮಿತಿಯ ಇಬ್ಬರ ಕಣ್ಣು ತೇವವಾಯಿತು. ನಲವತ್ತು ಪುಟವನ್ನು ಯಾರೂ ತೆರೆಯಲಿಲ್ಲ. ಆಯ್ಕೆಯಾಯಿತು.

ವಿಭಾಗದ ಫಲಕದ ಮೇಲೆ ಹತ್ತೊಂಬತ್ತು ಸಂಶೋಧಕರ ಹೆಸರಿತ್ತು. ಅವಳ ಹೆಸರಿನ ಮುಂದೆ ಮಾತ್ರ ಒಂದು ನಕ್ಷತ್ರದ ಗುರುತು; ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ. ಒಂದೇ ವಾರದಲ್ಲಿ ಅವಳ ಹೆಸರೇ ನಕ್ಷತ್ರವಾಯಿತು. "ಏನ್ ನಕ್ಷತ್ರ, ಹಗಲಲ್ಲೂ ಕಾಣ್ತೀಯಲ್ಲ!" ಎಂದು ಕೇಳುತ್ತಿದ್ದರು. ನಗದಿದ್ದರೆ, ಇವಳಿಗೆ ಹಾಸ್ಯ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು.

ಪ್ರೊಫೆಸರ್ ಕಾಶಿರಾಮ ಪಟೇಲರು ನಕ್ಷತ್ರ ಎಂದು ಕರೆಯಲಿಲ್ಲ. ಅವರೂ ಖೇಡಿನ ಕಡೆಯವರು. ಅವರ ತಂದೆ ರಾಯಿಕೋಡಿನ ಹತ್ತಿರದ ಊರಿಗೆ ಪಟೇಲರಾಗಿದ್ದವರು. ಅದೇ ಊರಿನ ಹೊರಗೇರಿಯಲ್ಲಿ ಸ್ವರೂಪಾಳ ಅಜ್ಜ ಇದ್ದವನು. ನಾಲ್ಕು ಜನರ ಮುಂದೆ ಅವರು ಅವಳೊಡನೆ ಇಂಗ್ಲಿಷ್ ಮಾತಾಡುತ್ತಿದ್ದರು. ಕೆಲಸ ಹೇಳುವಾಗ ಊರ ಕನ್ನಡ. ಫೆಲೋಶಿಪ್ಪಿಗೆ ಶಿಫಾರಸು ಪತ್ರ ಬರೆದವರು ಅವರೇ. ಅದನ್ನು ಅವರು ಮರೆಯಲಿಲ್ಲ. ಅವಳಿಗೂ ಮರೆಯಲು ಬಿಡಲಿಲ್ಲ.

ಅವರ ಯೋಜನೆ ಸರಳವಾಗಿತ್ತು. ಕ್ಯಾಮೆರಾ ಬೇಳೆಯನ್ನು ನೋಡಬೇಕು, ಕಂಪ್ಯೂಟರು ಒಳ್ಳೆಯದು, ಕೆಟ್ಟದ್ದು ಎಂದು ಹೇಳಬೇಕು, ಯಂತ್ರ ಬೇರ್ಪಡಿಸಬೇಕು. ಎರಡು ವರ್ಷ ಹೆಣಗಿದರೂ ನೂರು ಕಾಳಿನಲ್ಲಿ ಎಂಬತ್ತೊಂದನ್ನು ಮಾತ್ರ ಅದು ಸರಿಯಾಗಿ ಹೇಳುತ್ತಿತ್ತು. ಸ್ವರೂಪಾ ಬಂದ ಮೇಲೆ ಮೂರು ತಿಂಗಳು ಅದೇ ಎಂಬತ್ತೊಂದು. ನಂತರ ಅವಳು ತಾಯಿ ಕೆಲಸ ಮಾಡುತ್ತಿದ್ದ ಆತ್ಮಾರಾಮ ಸೇಠನ ಬೇಳೆ ಗಿರಣಿಗೆ ಹೋಗಿ ಕುಳಿತಳು.

ಗಿರಣಿಯ ಹಿಂದಿನ ಅಂಗಳದಲ್ಲಿ ಹದಿನೇಳು ಹೆಂಗಸರು ಸಾಲಾಗಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಕುಳಿತರೆ ಸಂಜೆ ಆರಕ್ಕೆ ಏಳುವುದು. ಮೊರದಲ್ಲಿ ಬೇಳೆ ಹರಡಿ, ಎಡಗೈಯಿಂದ ತಮ್ಮ ಕಡೆಗೆ ಎಳೆದುಕೊಳ್ಳುತ್ತ, ಬಲಗೈ ಹೆಬ್ಬೆರಳಿನ ಉಗುರಿನಿಂದ ಕೆಟ್ಟ ಕಾಳನ್ನು ಚಿಮ್ಮಬೇಕು. ಸ್ವರೂಪಾ ಗಡಿಯಾರ ಹಿಡಿದು ಎಣಿಸಿದಳು. ತಾಯಿಯ ಹೆಬ್ಬೆರಳು ನಿಮಿಷಕ್ಕೆ ನಲವತ್ತೆರಡು ಸಲ ಚಿಮ್ಮುತ್ತಿತ್ತು. ಆ ಉಗುರು ನಡುವೆ ಸೀಳಿ, ಕಪ್ಪಾಗಿ, ಬೆಳೆಯುವುದನ್ನೇ ಬಿಟ್ಟಿತ್ತು. ಬೇಳೆಯ ಹುಡಿ ಕಣ್ಣಿನ ಅಂಚಿನಲ್ಲಿ ಹೆಪ್ಪುಗಟ್ಟುತ್ತಿತ್ತು. ಏಳುವಾಗ ಎಲ್ಲರೂ ಗೋಡೆ ಹಿಡಿಯುತ್ತಿದ್ದರು.

ಒಳ್ಳೆಯದರಲ್ಲಿ ಕೆಟ್ಟದ್ದು ಸಿಕ್ಕರೆ ಗಿರಣಿಯ ಲೆಕ್ಕ ನೋಡುವ ಮುನೀಮ ಬೈಯುತ್ತಿದ್ದ. ಕೆಟ್ಟದ್ದರಲ್ಲಿ ಒಳ್ಳೆಯದು ಸಿಕ್ಕರೂ ಬೈಯುತ್ತಿದ್ದ. ಆದ್ದರಿಂದ ಅನುಮಾನದ ಕಾಳನ್ನು ಹೆಂಗಸರು ಅತ್ತಲೂ ಹಾಕುತ್ತಿರಲಿಲ್ಲ, ಇತ್ತಲೂ ಹಾಕುತ್ತಿರಲಿಲ್ಲ. ಸೀರೆಯ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದರು. ಸಂಜೆ ಐದಕ್ಕೆ ಎಲ್ಲರ ಉಡಿಯೂ ಒಂದೇ ಮೊರಕ್ಕೆ ಬೀಳುತ್ತಿತ್ತು. ಯಾವುದು ಯಾರ ಉಡಿಯದೆಂದು ಕೇಳುವಂತಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಸುಂದರಬಾಯಿ ಆ ಮೊರವನ್ನು ಎಳೆದುಕೊಂಡು ಒಂದೊಂದೇ ಕಾಳನ್ನು ಬೆರಳಿನಲ್ಲಿ ಹೊರಳಿಸಿ ತೀರ್ಪು ಕೊಡುತ್ತಿದ್ದಳು. ತಪ್ಪಾದರೆ ಬೈಗುಳ ಅವಳೊಬ್ಬಳಿಗೆ. ಇದು ಅವರ ಕಟ್ಟಳೆ. ಮೂವತ್ತು ವರ್ಷದ್ದು. ಸೇಠನಿಗೆ ಮಾತ್ರ ಉಡಿಯೆಂದರೆ ಕಳವಿನ ಜಾಗ. ಆರಕ್ಕೆ ಗೇಟಿನಲ್ಲಿ ಕಾವಲುಗಾರ ಕಾಶಪ್ಪನ ಮುಂದೆ ಹದಿನೇಳು ಜನರೂ ಸೆರಗು ಕೊಡವಿ, ಉಡಿ ಬಿಚ್ಚಿ ತೋರಿಸಿ ಹೋಗಬೇಕಿತ್ತು. ಕಾಶಪ್ಪ ಅತ್ತ ಮುಖ ಮಾಡಿ ನಿಲ್ಲುತ್ತಿದ್ದ. ಸೇಠ ಇದ್ದ ದಿನ ಇತ್ತ ಮುಖ ಮಾಡುತ್ತಿದ್ದ.

ಸ್ವರೂಪಾ ನಾಲ್ಕನೆಯ ದಿನ ಸುಂದರಬಾಯಿಯನ್ನು ಕೇಳಿದಳು: "ಆಯೀ, ಗೊತ್ತಾಗದ್ದನ್ನ ಬ್ಯಾರೆ ಇಡೋದು ಯಾಕ? ಒಂದು ಅಂದಾಜಿಗೆ ಹಾಕಬಹುದಲ್ಲ."

"ಅಂದಾಜಿಗೆ ಹಾಕಾಕ ಅದೇನು ಮನಿ ಕಟ್ಟೋ ಗೌಂಡ್ಯಾನ ಉಸುಕೇನು?" ಎಂದಳು ಸುಂದರಬಾಯಿ. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕು. ಗೊತ್ತಿಲ್ಲದ್ದನ್ನ ಗೊತ್ತದ ಅನ್ನೋರು ಹೊಲಸು ಮಾಡ್ತಾರ, ಹಸನ ಮಾಡಲ್ಲ. ನಿಮ್ಮ ಕಾಲೇಜಿನಾಗ ಹಾಂಗಿಲ್ಲೇನು?"

ಯಂತ್ರಕ್ಕೆ ಎರಡೇ ಉತ್ತರ ಕಲಿಸಿದ್ದರು. ಸ್ವರೂಪಾ ಮೂರನೆಯದನ್ನು ಕಲಿಸಲು ಹೊರಟಳು: ಗೊತ್ತಿಲ್ಲ. ಇಪ್ಪತ್ತೆರಡು ಸಾವಿರ ಕಾಳುಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಒಂದೊಂದರ ಫೋಟೋ ತೆಗೆದಳು. ಹದಿನೇಳು ಹೆಂಗಸರು ದಿನದ ಕೆಲಸ ಮುಗಿದ ಮೇಲೆ ಇನ್ನೊಂದು ಗಂಟೆ ಕುಳಿತು ಒಳ್ಳೆಯದು, ಕೆಟ್ಟದ್ದು, ಉಡಿ ಎಂದು ಆ ಕಾಳುಗಳನ್ನು ವಿಂಗಡಿಸಿಕೊಟ್ಟರು. ಐದು ತಿಂಗಳು. ಕೂಲಿಯಿಲ್ಲದೆ. ಇದಕ್ಕೆ ಯೋಜನೆಯಲ್ಲಿ ಅವಕಾಶವಿಲ್ಲವೆಂದು ಪ್ರೊಫೆಸರರು ಹೇಳಿದ್ದರು. "ಅಂಜೀ ಮಗಳ ಪರೀಕ್ಷಾ ಅದ, ಕುಂಡ್ರಿ," ಎಂದು ಸುಂದರಬಾಯಿ ಹೇಳಿದ್ದಳು. ಕುಳಿತರು.

ಉಡಿ ಕಲಿತ ಯಂತ್ರ ಗೊತ್ತಿಲ್ಲದ್ದನ್ನು ಪಕ್ಕಕ್ಕಿಟ್ಟು, ಉಳಿದವುಗಳಲ್ಲಿ ನೂರಕ್ಕೆ ತೊಂಬತ್ತೇಳನ್ನು ಸರಿಯಾಗಿ ಹೇಳಿತು. ಪ್ರೊಫೆಸರರು ಪರದೆಗೆ ಬಗ್ಗಿ ಅಂಕಿಯನ್ನು ಎರಡು ಸಲ ಓದಿದರು. ಆಮೇಲೆ ಊರ ಕನ್ನಡದಲ್ಲಿ ಕೇಳಿದರು: "ಇದು ಯಾರ ತಲಿ?"

"ಸುಂದರಬಾಯಿದು, ಸರ್."

ಅವರು ನಕ್ಕರು. ಪ್ರಕಟವಾದ ಪ್ರಬಂಧದಲ್ಲಿ ಮೊದಲ ಹೆಸರು ಅವರದು, ಎರಡನೆಯದು ದತ್ತುವಿನದು, ಮೂರನೆಯದು ಸ್ವರೂಪಾಳದು. ಉಡಿಗೆ ನಾಲ್ಕು ಪದಗಳ ಒಂದು ಇಂಗ್ಲಿಷ್ ಹೆಸರು ಬಂದಿತ್ತು. ಹೆಂಗಸರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಆಗಸ್ಟಿನಲ್ಲಿ ಈ ವಿಧಾನದ ಹಕ್ಕು ಕೊಳ್ಳಲು ಯಂತ್ರ ತಯಾರಿಸುವ ಕಂಪನಿಯೊಂದು ಬಂದಿತು. ಮೊದಲ ಯಂತ್ರ ಆತ್ಮಾರಾಮ ಸೇಠನ ಗಿರಣಿಗೇ ಎಂದು ತೀರ್ಮಾನವಾಯಿತು. ಸ್ವರೂಪಾ ಎರಡು ಪುಟದ ಟಿಪ್ಪಣಿ ಬರೆದು ಪ್ರೊಫೆಸರರಿಗೆ ಕೊಟ್ಟಳು. ಈ ವಿಧಾನ ಹದಿನೇಳು ಜನರದು. ಅವರ ಹೆಸರು ದಾಖಲಾಗಬೇಕು. ಯಂತ್ರ ಪಕ್ಕಕ್ಕಿಡುವ ಅನುಮಾನದ ಕಾಳನ್ನು ಯಾರಾದರೂ ನೋಡಲೇಬೇಕು. ಆ ಕೆಲಸಕ್ಕೆ ಈ ಹದಿನೇಳು ಜನರನ್ನೇ ಉಳಿಸಿಕೊಳ್ಳಬೇಕು. ಟಿಪ್ಪಣಿಗೆ ಉತ್ತರ ಬರಲಿಲ್ಲ. ಒಂಬತ್ತನೆಯ ಸಾಲೇ ಉತ್ತರ.

"ದಸ್ಕತ್ ಮಾಡಿ ಬಿಡವ್ವಾ," ಎಂದಳು ಅಂಜಮ್ಮ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹೆಬ್ಬೆರಳನ್ನು ಹಿಟ್ಟಿಗೆ ತಾಗಿಸದೆ ಎತ್ತಿ ಹಿಡಿದಿದ್ದಳು.

"ಸುಳ್ಳು ಬರದಾರ ಅವ್ವ."

"ಬರೀಲಿ. ನಮ್ಮ ಹೆಸರು ಆ ಕಾಗದದಾಗ ಇದ್ದರೇನು, ಇಲ್ಲದಿದ್ದರೇನು? ನಿನ್ನ ಹೆಸರಿನ ಮುಂದ ಡಾಕ್ಟರ್ ಬರಬೇಕು. ನಾನು ಸಾಯೋದ್ರಾಗ ಅದೊಂದು ನೋಡಬೇಕು."

"ಮಶೀನ್ ಬಂದ್ರ ನಿಮ್ಮನ್ನ ಬಿಡಸ್ತಾರ."

"ಬಿಡಸ್ತಾರ. ನೀ ದಸ್ಕತ್ ಮಾಡದಿದ್ರೂ ಬಿಡಸ್ತಾರ. ಅವಾಗ ನನ್ನ ಕೆಲಸಾನೂ ಇಲ್ಲ, ನಿನ್ನ ಓದೂ ಇಲ್ಲ. ಏನು ಕಲ್ತೀ ನೀನು? ಇಷ್ಟು ಲೆಕ್ಕ ಬರಲ್ಲೇನು?"

ಲೆಕ್ಕ ಸರಿಯಾಗಿತ್ತು. ಸ್ವರೂಪಾಳಿಗೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಅಪ್ಪ ಮಾಣಿಕ ತಾಂಡೂರಿನಲ್ಲಿದ್ದ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ಹನ್ನೆರಡು ವರ್ಷದಿಂದ ಕೆಲಸ. ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದವನು ಮುಷ್ಕರದಿಂದಾಗಿ ಬಂದಿರಲಿಲ್ಲ. ಫೋನಿನಲ್ಲಿ ಮೊದಲು ಅವನ ಕೆಮ್ಮು ಬಂತು, ಆಮೇಲೆ ಮಾತು.

"ನಿನಗ ತಿಳಿದಂಗ ಮಾಡು. ನಾ ಓದಲಾರದ ಕಾಗದಕ್ಕ ಮೂರು ಸಲ ಹೆಬ್ಬಟ್ಟು ಒತ್ತೀನಿ. ಮೂರೂ ಸಲ ಕೆಟ್ಟೀನಿ. ನೀ ಓದೀದಿ. ಓದಿ ಕೆಡಬ್ಯಾಡ."

ರಸ್ತೆಯ ಮೇಲಿನ ಅಡುಗೆ ಖೇಡಿನ ಬಸ್ ನಿಲ್ದಾಣದ ಎದುರು ನಡೆಯಿತು. ವಾಹನವಿಲ್ಲದ ಡಾಂಬರಿನ ಮೇಲೆ ಆರು ಒಲೆ ಹೂಡಿದ್ದರು. ಜಾತಿ ನೋಡದೆ, ಪಕ್ಷ ನೋಡದೆ ಎಲ್ಲರೂ ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವುದು ಹೋರಾಟದ ಒಂದು ರೀತಿ. ಸೇಠ ಎರಡು ಚೀಲ ಬೇಳೆ ದಾನ ಕೊಟ್ಟಿದ್ದ. ಅದನ್ನು ಹಸನು ಮಾಡಲು ಹದಿನೇಳು ಹೆಂಗಸರನ್ನೂ ಕಳಿಸಿದ್ದ.

ಒಲೆಗಳು ರಸ್ತೆಯ ಈಚೆಗೆ ಇದ್ದವು. ಹೆಂಗಸರನ್ನು ಚರಂಡಿಯ ಆಚೆಗೆ, ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ನೆರಳಿದೆ ಎಂದು. ಅಂಜಮ್ಮ ಮೊದಲ ಬುಟ್ಟಿ ಹಸನಾದ ಬೇಳೆಯನ್ನು ಹೊತ್ತು ಚರಂಡಿ ದಾಟಿ ಒಲೆಯ ಹತ್ತಿರ ಹೋದಳು. ಅಲ್ಲಿ ಮಜ್ಜಿಗೆ ಹಂಚುತ್ತಿದ್ದ ಧನಲಕ್ಷ್ಮಿ, ಊರಿನ ದೊಡ್ಡ ಒಕ್ಕಲು ಮನೆಯವಳು, ಕೈ ಚಾಚಲಿಲ್ಲ.

"ಅಲ್ಲೇ ಇಡಬೇ, ಅಲ್ಲೇ. ನಾವು ತಗೋತೀವಿ."

ಅಂಜಮ್ಮ ಬುಟ್ಟಿಯನ್ನು ಡಾಂಬರಿನ ಮೇಲಿಟ್ಟು ಹಿಂದಕ್ಕೆ ಬಂದಳು. ಅವಳು ಚರಂಡಿ ದಾಟುವವರೆಗೂ ಬುಟ್ಟಿ ಅಲ್ಲೇ ಇತ್ತು.

ಧ್ವನಿವರ್ಧಕದಲ್ಲಿ ಪ್ರೊಫೆಸರ್ ಕಾಶಿರಾಮ ಪಟೇಲರು ತೆಲುಗಿನಲ್ಲಿ ಮಾತಾಡುತ್ತಿದ್ದರು. "ಮಣ್ಣು ನಮ್ಮದು, ಬೆಳೆ ಅವರದು. ಬೆವರು ನಮ್ಮದು, ಹೆಸರು ಅವರದು. ಐವತ್ತು ವರ್ಷ ಆಂಧ್ರದವರು ನಮ್ಮ ದುಡಿಮೆಯ ಮೇಲೆ ತಮ್ಮ ರುಜು ಹಾಕಿಕೊಂಡರು. ಇನ್ನು ಸಾಕು!" ಜನ ಜೈ ಎಂದರು. ಸ್ವರೂಪಾ ಗುಂಪಿನ ಅಂಚಿನಲ್ಲಿ ನಿಂತು ಕೇಳಿದಳು. ಅವಳಿಗೂ ತೆಲಂಗಾಣ ಬೇಕಿತ್ತು. ಹೈದರಾಬಾದಿನಲ್ಲಿ ಅವಳ ಕಣ್ಣಿಗೂ ಪೊಲೀಸರ ಅಶ್ರುವಾಯು ಹೊಕ್ಕಿತ್ತು. ಇದೇ ಪ್ರೊಫೆಸರರ ಬೆನ್ನಿನ ಮೇಲೆ ಲಾಠಿ ಬಿದ್ದದ್ದನ್ನು ಅವಳೇ ನೋಡಿದ್ದಳು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಪುಸ್ತಕದೊಳಗಿನ ಕಾಗದವನ್ನು ಮುಟ್ಟಿ ನೋಡಿಕೊಂಡಳು.

ಭಾಷಣ ಮುಗಿಸಿ, ಕುತ್ತಿಗೆಯ ಹಾರ ತೆಗೆದು ದತ್ತುವಿನ ಕೈಗೆ ಕೊಟ್ಟು, ಅವರು ಬೇವಿನ ಗಿಡದ ಹತ್ತಿರ ಬಂದರು. ದತ್ತು ಪ್ಲಾಸ್ಟಿಕ್ ಕುರ್ಚಿ ತಂದ.

"ಬಾ ಸ್ವರೂಪಾ. ಊಟ ಆತೇನು?"

"ಇಲ್ಲ ಸರ್."

"ಕಾಗದ ತಂದೀ?"

"ತಂದೀನಿ ಸರ್. ಒಂಬತ್ತನೇ ಸಾಲು ಸುಳ್ಳದ."

ಅವರು ಮುಗುಳ್ನಕ್ಕರು. "ಅದು ವಕೀಲರ ಭಾಷಾ. ಎಲ್ಲಾ ಕಾಗದದಾಗೂ ಇರ್ತದ. ಹಾಂಗ 'ಹೊರಗಿನೋರು ಯಾರೂ ಇಲ್ಲ' ಅಂತ ಬರೀದಿದ್ರ ಹಕ್ಕು ಸಿಗಲ್ಲ."

"ಸುಂದರಬಾಯಿ ಇಲ್ಲೇ ಕುಂತಾಳ ಸರ್. ಆಕೀ ಮುಂದ ಆ ಸಾಲು ಓದಿ, ಕನ್ನಡದಾಗ ಅರ್ಥ ಹೇಳ್ರಿ. ಆಕಿ ಹೂಂ ಅಂದ್ರ ನಾ ದಸ್ಕತ್ ಮಾಡ್ತೀನಿ."

ಪ್ರೊಫೆಸರರು ಗಿಡದ ಕೆಳಗೆ ನೋಡಿದರು. ಹದಿನೇಳು ಮೊರಗಳು. ಮೂವತ್ತನಾಲ್ಕು ಕೈಗಳು. ಅವರ ದನಿ ಗಟ್ಟಿಯಾಯಿತು.

"ಹಸನ ಮಾಡೋರ ಹೆಸರು ಬರೀಬೇಕೇನು? ನಾಳಿ ಎತ್ತಿನ ಹೆಸರು ಬರೀರಿ ಅಂತೀ. ಹೊಲ ಹೊಡದದ್ದು ಎತ್ತು, ರಾಶಿ ಮ್ಯಾಲ ಎತ್ತಿನ ಹೆಸರು ಬರೀತಾರೇನು?"

ಮೊರಗಳ ಸದ್ದು ನಿಂತಿತು. ಒಂದೇ ಸಲ, ಎಲ್ಲವೂ. ಯಾರೂ ತಲೆಯೆತ್ತಲಿಲ್ಲ. ಅಂಜಮ್ಮ ಮಾತ್ರ ಎದ್ದು ಕೈಮುಗಿದು ಓಡಿಬಂದಳು.

"ಪಟೇಲ್ರ, ಸಣ್ಣದು ಅದ, ತಿಳೀವಲ್ದು. ಮಾಡ್ತಾಳ್ರಿ. ದಸ್ಕತ್ ಮಾಡ್ತಾಳ. ಏ ಮಾಡು, ಮಾಡವ್ವಾ, ನಿನ್ನ ಕಾಲು ಬೀಳ್ತೀನಿ."

ತಾಯಿ ನಿಜಕ್ಕೂ ಬಾಗಿದಳು. ಸ್ವರೂಪಾ ಅವಳ ಎರಡೂ ತೋಳು ಹಿಡಿದು ನಿಲ್ಲಿಸಿದಳು.

"ಮಾಡ್ತೀನಿ ಬಿಡವ್ವ," ಎಂದಳು.

ಅವಳು ಕಾಗದವನ್ನು ಪುಸ್ತಕದ ಮೇಲಿಟ್ಟುಕೊಂಡು ಪೆನ್ನು ತೆಗೆದಳು. ಒಂಬತ್ತನೆಯ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದಳು. ಅಂಚಿನಲ್ಲಿ ಒಂದರಿಂದ ಹದಿನೇಳರವರೆಗೆ ಸಂಖ್ಯೆ ಹಾಕಿದಳು. ಒಂದು, ಸುಂದರಬಾಯಿ: ವಿಧಾನದ ಕಲ್ಪನೆ. ಎರಡು, ಅಂಜಮ್ಮ: ವಿಂಗಡಣೆ. ಮೂರು, ಸಕ್ಕುಬಾಯಿ: ವಿಂಗಡಣೆ. ಹದಿನೇಳು ಹೆಸರು ಬರೆಯಲು ಆರು ನಿಮಿಷ ಬೇಕಾಯಿತು. ಪ್ರೊಫೆಸರರು ಫೋನಿನಲ್ಲಿ ಯಾರೊಡನೆಯೋ ನಾಳೆಯ ಮೆರವಣಿಗೆಯ ಬಗ್ಗೆ ಮಾತಾಡುತ್ತಿದ್ದರು. ಕೊನೆಗೆ ಅವಳು ದಿನಾಂಕ ಬರೆದು, ತನ್ನ ಪೂರ್ತಿ ಹೆಸರಿನ ಸಹಿ ಹಾಕಿ, ಎರಡೂ ಕೈಯಿಂದ ಕಾಗದ ಕೊಟ್ಟಳು.

ಅವರು ಓದಿದರು. ಕಿವಿ ಕೆಂಪಾಯಿತು.

"ಮಾಣ್ಯಾನ ಮಗಳು ನನಗ ಕಾಯದೆ ಕಲಸ್ತಾಳ!" ಇಂಗ್ಲಿಷೂ ಇರಲಿಲ್ಲ, ತೆಲುಗೂ ಇರಲಿಲ್ಲ, ಅವರ ತಂದೆಯ ಚಾವಡಿಯ ಕನ್ನಡ. "ಏ ಹುಡುಗೀ, ನಿನ್ನಂಥೋರಿಗೆ ಆ ಫೆಲೋಶಿಪ್ ಯಾಕ ಇಟ್ಟಾರ ಗೊತ್ತೇನು? ನಾವು ಕರಕೊಂಡು ಬರಲಿ ಅಂತ. ನಾ ಒಂದು ಪತ್ರ ಬರದೀನಿ, ನೀ ಅಲ್ಲಿ ಕುಂತೀ. ಇನ್ನೊಂದು ಸಾಲು ಬರದ್ರ ಏಳ್ತೀ."

"ಬರೀರಿ ಸರ್," ಎಂದಳು ಸ್ವರೂಪಾ. "ಅದೊಂದಾದರೂ ನಿಮ್ಮ ಕೈಯಾರೆ ಬರೀರಿ."

ಅವರು ಕಾಗದವನ್ನು ಹರಿಯಲಿಲ್ಲ. ಹರಿದಿದ್ದರೆ ನೋಡಿದವರಿರುತ್ತಿದ್ದರು. ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು, ನಗುಮುಖ ಮಾಡಿಕೊಂಡು, ಒಲೆಗಳ ಕಡೆಗೆ ಹೋದರು. ಅಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಫೋಟೋ ತೆಗೆಯುವವರು ಬಂದಿದ್ದರು.

ಮನೆಗೆ ಎರಡು ಮೈಲಿ ನಡಿಗೆ. ಅಂಜಮ್ಮ ಮಗಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲಲ್ಲಿ ಮಾತ್ರ ತಿರುಗಿ ನಿಂತು, "ನಿನ್ನ ಓದಿಸಿ ನಾ ಹಾಳಾದೆ," ಎಂದಳು. ಆ ದಿನ ಅವಳು ಉಣ್ಣಲಿಲ್ಲ.

ಅಕ್ಟೋಬರ್ ಕೊನೆಗೆ ಮುಷ್ಕರ ಮುಗಿದು ಅಂಚೆ ಬಂತು. ಮಾರ್ಗದರ್ಶಕರ ವರದಿಯಂತೆ ಸಂಶೋಧನೆಯ ಪ್ರಗತಿ ತೃಪ್ತಿಕರವಾಗಿಲ್ಲದ ಕಾರಣ ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆ. ಸ್ವರೂಪಾ ಪ್ರತಿಷ್ಠಾನಕ್ಕೆ ಎಂಟು ಪುಟದ ಮನವಿ ಬರೆದಳು. ಪ್ರತಿ ಪುಟಕ್ಕೂ ದಾಖಲೆ ಲಗತ್ತಿಸಿದಳು. ಮಾರ್ಗದರ್ಶಕರ ಅಭಿಪ್ರಾಯವೇ ಅಂತಿಮವೆಂದು ಉತ್ತರ ಬಂತು. ಪತ್ರದ ತಲೆಯಲ್ಲಿ, ಪ್ರತಿಷ್ಠಾನದ ಹೆಸರಿನ ಕೆಳಗೆ, ನಗುವ ಹುಡುಗಿಯೊಬ್ಬಳ ಚಿತ್ರವಿತ್ತು. ಹಾಸ್ಟೆಲಿನ ಕೋಣೆ ಖಾಲಿ ಮಾಡಲು ಏಳು ದಿನ ಕೊಟ್ಟಿದ್ದರು. ಅವಳು ಒಂದೇ ದಿನದಲ್ಲಿ ಮಾಡಿದಳು. ಬೇರೆ ಮೂವರು ಮಾರ್ಗದರ್ಶಕರನ್ನು ಕೇಳಿದಳು. ಒಬ್ಬರು ಫೋನು ಎತ್ತಲಿಲ್ಲ. ಒಬ್ಬರು ಜಾಗವಿಲ್ಲವೆಂದರು. ಮೂರನೆಯವರು ಒಳ್ಳೆಯವರು, "ಅವರೊಡನೆ ನನಗೆ ಕೆಲಸ ಬೀಳುತ್ತದಮ್ಮ," ಎಂದು ನಿಜ ಹೇಳಿದರು.

ನವೆಂಬರಿನಿಂದ ಅವಳು ಗಿರಣಿಯ ಅಂಗಳದಲ್ಲಿ ತಾಯಿಯ ಪಕ್ಕ ಕುಳಿತಳು. ಹದಿನೆಂಟನೆಯವಳು. ಮೊದಲ ವಾರ ಅವಳ ಹೆಬ್ಬೆರಳು ನಿಮಿಷಕ್ಕೆ ಹದಿನೆಂಟು ಸಲ ಚಿಮ್ಮಿತು. ಮೂರನೆಯ ವಾರ ಉಗುರಿನ ಬುಡದಲ್ಲಿ ರಕ್ತ ಕಟ್ಟಿತು. ಗಂಟೆಗೊಮ್ಮೆ ಬೆನ್ನಿನಲ್ಲಿ ಕಬ್ಬಿಣ ಕಾಯಿಸಿ ಇಟ್ಟಂತಾಗುತ್ತಿತ್ತು. "ಡಾಕ್ಟರ್‌ಬಾಯಿ, ಬೆರಳು ಕೆಲಸ ಮಾಡಲಿ, ತಲಿ ಬ್ಯಾಡ," ಎಂದು ಸಕ್ಕುಬಾಯಿ ಚುಡಾಯಿಸುತ್ತಿದ್ದಳು. ಆ ಮಾತಿಗೆ ಸ್ವರೂಪಾಳೂ ನಗುತ್ತಿದ್ದಳು. ತಾಯಿ ಇನ್ನೂ ಮಾತು ಬಿಟ್ಟಿದ್ದಳು. ಊಟದ ಗಂಟು ಬಿಚ್ಚಿ ಮಗಳ ಪಾಲನ್ನು ಅವಳ ಮುಂದೆ ತಳ್ಳುತ್ತಿದ್ದಳು, ಅಷ್ಟೆ.

ಸ್ವರೂಪಾಳ ಹೆಸರು ತೆಗೆದು, ಅದೇ ಒಂಬತ್ತನೆಯ ಸಾಲಿನ ಹೊಸ ಕಾಗದವನ್ನು ಪ್ರೊಫೆಸರರು ಕಂಪನಿಗೆ ಕೊಟ್ಟಿದ್ದರು. ಜನವರಿಯಲ್ಲಿ ಯಂತ್ರ ಬಂತು. ತೆಂಗಿನಕಾಯಿ ಒಡೆದು ಶುರುಮಾಡಿದರು. ಹೊಸ ಸುಗ್ಗಿಯ ತೊಗರಿಯ ಬಣ್ಣ ಹಿಂದಿನ ವರ್ಷದ್ದರಂತೆ ಇರಲಿಲ್ಲ. ಯಂತ್ರಕ್ಕೆ ದಿಕ್ಕು ತಪ್ಪಿತು. ಮೂರರಲ್ಲಿ ಒಂದು ಕಾಳನ್ನು ಅದು ಗೊತ್ತಿಲ್ಲವೆಂದು ಪಕ್ಕಕ್ಕೆ ಸುರಿಯತೊಡಗಿತು. ಹೊಸ ಕಾಳುಗಳನ್ನು ಯಾರಾದರೂ ಮತ್ತೆ ವಿಂಗಡಿಸಿ ಕಲಿಸಬೇಕಿತ್ತು.

ಹೀಗಾಗಿ ದತ್ತು ಅಂಗಳಕ್ಕೆ ಬಂದ. ಮೇಜು, ಲ್ಯಾಪ್‌ಟಾಪು, ಸಣ್ಣ ಸಣ್ಣ ಗೂಡುಗಳ ಪೆಟ್ಟಿಗೆ. ಪ್ರತಿ ಗೂಡಿನಲ್ಲೂ ಒಂದೊಂದು ಕಾಳು. ಹಿಂದೆ ಆತ್ಮಾರಾಮ ಸೇಠ, ಮುನೀಮ. ದತ್ತು ಸ್ವರೂಪಾಳನ್ನು ನೋಡಿ ಕಣ್ಣು ತಪ್ಪಿಸಿದ. ಪೆಟ್ಟಿಗೆಯನ್ನು ಸುಂದರಬಾಯಿಯ ಮುಂದೆ ಇಟ್ಟ.

"ಆಯೀ, ಹೋದ ವರ್ಷ ಮಾಡಿದಂಗೇ. ಒಳ್ಳೇದು, ಕೆಟ್ಟದ್ದು, ಉಡಿ. ಈ ಸಲ ನಿಮ್ಮ ಫೋಟೋನೂ ಹಾಕ್ತೀವಿ."

ಸುಂದರಬಾಯಿ ಮೊರ ಕೆಳಗಿಟ್ಟಳು. ಪೆಟ್ಟಿಗೆ ನೋಡಿದಳು. ಕಾಳನ್ನು ಮುಟ್ಟಲಿಲ್ಲ.

"ಗೊತ್ತಿಲ್ರಿ."

"ಯಾಕ ಗೊತ್ತಿಲ್ಲ?"

"ನಮ್ಮದು ಇದರಾಗ ಏನೂ ಇಲ್ಲಂತ ಕಾಗದ ಆಗ್ಯಾದಂತಲ್ಲ. ಕಾಗದ ಸುಳ್ಳಾಗಬಾರದ್ರಿ."

ದತ್ತು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಸಕ್ಕುಬಾಯಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. "ನನ್ನ ಕಣ್ಣು ಮಂಜಾಗ್ಯಾವ್ರಿ. ನಿಮ್ಮ ಮಶೀನಿನ ಕಣ್ಣು ಛಲೋ ಅದಂತ, ಅದಕ್ಕೇ ಕೇಳ್ರಿ." ಯಾರೋ ಕಿಸಕ್ಕೆಂದರು. ಮುನೀಮ ಗದರಿಸಿದ. ಪೆಟ್ಟಿಗೆ ಸರಿಯಿತು. ಮೂರನೆಯವಳು, ಗೊತ್ತಿಲ್ರಿ. ನಾಲ್ಕನೆಯವಳು, ಗೊತ್ತಿಲ್ರಿ. ಐದನೆಯವಳಿಗೆ ಎರಡು ತಿಂಗಳ ಕೂಸು ಮಡಿಲಲ್ಲಿತ್ತು, ಅವಳು ಇಲ್ಲವೆಂದು ತಲೆಯಾಡಿಸಿದಳು. ಯಾರೂ ಇದನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ. ಸ್ವರೂಪಾ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಭಯವೂ ಆಯಿತು.

ಭಯ ಸುಳ್ಳಾಗಿರಲಿಲ್ಲ. ಮೂರನೆಯ ದಿನ ಹದಿನೆಂಟು ಜನರಿಗೂ ಗೇಟು ಮುಚ್ಚಿತು. ದೌಲತಾಬಾದಿನ ಕಡೆಯಿಂದ ಬೇರೆ ಹೆಂಗಸರನ್ನು ಟೆಂಪೋದಲ್ಲಿ ತಂದರು. ಆದರೆ ಅದು ಮೂರನೆಯ ದಿನದ ಮಾತು. ದತ್ತು ಬಂದ ದಿನ ಅಂಗಳದಲ್ಲಿ ಪೆಟ್ಟಿಗೆ ಸಾಲಿನ ಉದ್ದಕ್ಕೂ ಸರಿಯುತ್ತಿತ್ತು. ಸೇಠ ಕೂಗಾಡುತ್ತಿದ್ದ. "ಬೇಮಾನ್ ಜಾತಿ! ಉಂಡ ಮನಿಗೇ ಉಲ್ಟಾ!" ಹದಿನಾರು ಜನ ಮುಗಿದರು. ಉಳಿದವರು ಕೊನೆಯಲ್ಲಿ ಕುಳಿತಿದ್ದ ಅಂಜಮ್ಮ ಮತ್ತು ಅವಳ ಮಗಳು. ಮಗಳನ್ನು ಕೇಳುವ ಅಗತ್ಯವಿರಲಿಲ್ಲ.

ದತ್ತು ಅಂಜಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಅವನ ಹಣೆ ಬೆವೆತಿತ್ತು. ಈ ಒಬ್ಬಳು ಸಾಕು ಎಂದು ಅವನಿಗೆ ಗೊತ್ತಿತ್ತು. ಇವಳು ಪಟೇಲರ ಮನೆಯ ಹೆಸರೆತ್ತಿದರೆ ಕೈಮುಗಿಯುವವಳು. ಪೆಟ್ಟಿಗೆಯಲ್ಲಿ ಹುಡುಕಿ ಒಂದು ಕಾಳನ್ನು ಆರಿಸಿದ. ಹುಳು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟಿದ್ದ ಕಾಳು. ಅದರ ತೂತಿನಲ್ಲಿ ಬೆಳಕು ಕಾಣುತ್ತಿತ್ತು.

"ಅಂಜಮ್ಮಾ, ನೀನರೆ ಹೇಳು. ಮಗಳ ಸಿಟ್ಟು ಕೆಲಸದ ಮ್ಯಾಲ ಬ್ಯಾಡ. ಮಾವನಿಗೆ ನಾ ಹೇಳ್ತೀನಿ, ಆಕೀ ಫೆಲೋಶಿಪ್ ತಿರುಗಿ ಬರೂವಂಗ ಮಾಡ್ತೀನಿ. ಇದೊಂದು ಹೇಳು. ಒಳ್ಳೇದೋ, ಕೆಟ್ಟದ್ದೋ?"

ಸ್ವರೂಪಾ ತಾಯಿಯ ಮುಖ ನೋಡಲಿಲ್ಲ. ನೋಡಿದರೆ ಅದು ಬೇಡಿಕೆಯಾಗುತ್ತಿತ್ತು. ತನ್ನ ಮೊರದ ಬೇಳೆಯನ್ನೇ ನೋಡುತ್ತ ಕುಳಿತಳು. ತಾಯಿ ಹೇಳಿಬಿಡಬಹುದು. ಹೇಳಿದರೆ ತಪ್ಪೆನ್ನಲು ತನಗೆ ಬಾಯಿಲ್ಲ.

ಅಂಜಮ್ಮ ಕಾಳನ್ನು ಅಂಗೈಗೆ ಹಾಕಿಸಿಕೊಂಡಳು. ಸೀಳಿದ ಹೆಬ್ಬೆರಳಿನಿಂದ ಒಮ್ಮೆ ಹೊರಳಿಸಿದಳು. ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಆ ತೂತಿನ ಮೂಲಕ ಸೇಠನನ್ನೂ ಮುನೀಮನನ್ನೂ ದತ್ತುವನ್ನೂ ನಿಧಾನವಾಗಿ ನೋಡಿದಳು.

"ಗೊತ್ತಿಲ್ರಿ ಸಣ್ಣ ಪಟೇಲ್ರ," ಎಂದಳು.

ಕಾಳನ್ನು ಪೆಟ್ಟಿಗೆಗೆ ಹಾಕಿ, ಖಾಲಿ ಅಂಗೈಯನ್ನು ಮತ್ತೆ ಮುಂದೆ ಚಾಚಿದಳು.

"ಇನ್ನೊಂದು ತೋರಸ್ರಿ."